ಕಾರವಾರದ 45 ನಿಮಿಷದ ಜಿಮ್ ಬ್ಯಾಚ್: ಬೆವರು ಭರಪೂರ, ವಿಶ್ರಾಂತಿಗೆ ಬರ

ಕೋಡಿಬಾಗ ಕಡೆಯ ಈ ಜಿಮ್‌ನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ದೂರು ಅದೊಂದರ ಮೇಲಲ್ಲ, ಈ ನಮೂನೆಯ ಬ್ಯಾಚ್ ಪದ್ಧತಿ ಈಗ ಬಹಳ ಕಡೆ ಬಂದಿದೆ. ಸಂಜೆ ಆರರಿಂದ ಮೂರು ಬ್ಯಾಚ್. ಒಂದೊಂದಕ್ಕೆ 45 ನಿಮಿಷ, 16 ಜನ, ಎಂಟು ಸ್ಟೇಷನ್, ಒಬ್ಬ ಟ್ರೇನರ್. ತಿಂಗಳ ಫೀ ಸಾವಿರದ ಆಸುಪಾಸು, ಮೂರು ತಿಂಗಳದ್ದು ಒಟ್ಟಿಗೆ ಕಟ್ಟಿದರೆ ಸ್ವಲ್ಪ ಸೋಡಿ. ಆಫೀಸು ಮುಗಿಸಿ ಬರುವವರು, ಕೈಗಾ ಬಸ್ಸಿಳಿದು ನೇರ ಬರುವವರು, ಸೇನೆ–ಪೊಲೀಸ್ ಭರ್ತಿಗೆ ತಯಾರಿ ನಡೆಸಿರುವ ಹುಡುಗರು, ಹೀಗೆ ಮುಕ್ಕಾಲು ತಾಸಿಗಿಂತ ಹೆಚ್ಚು ಹೊತ್ತು ಸಿಗದವರಿಗೆ ಹೇಳಿ ಮಾಡಿಸಿದ ವ್ಯವಸ್ಥೆ. ಬ್ಯಾಚ್ ತುಂಬುವುದೂ ಅದಕ್ಕೇ.

ತೀರ್ಪು ಮೊದಲೇ ಹೇಳಿಬಿಡುವುದಾದರೆ: ಸಾಮಾನು ಪರವಾಗಿಲ್ಲ, ಶಿಸ್ತು ಚೆನ್ನಾಗಿದೆ, ಸೆಟ್‌ಗಳ ನಡುವಿನ ವಿಶ್ರಾಂತಿಯ ಲೆಕ್ಕ ಮಾತ್ರ ತಪ್ಪಿದೆ (ಒಂದೇ ವ್ಯಾಯಾಮವನ್ನು ನಿಲ್ಲಿಸದೆ ಮಾಡುವ ಒಂದು ಸರದಿಯೇ ಸೆಟ್). ತಪ್ಪು ಸರಿಪಡಿಸಲು ಜಿಮ್‌ನವರು ಒಂದು ರೂಪಾಯಿಯೂ ಖರ್ಚು ಮಾಡಬೇಕಿಲ್ಲ, ಇದ್ದ ಸ್ಟೇಷನ್‌ಗಳ ಜೋಡಣೆ ಬದಲಿಸಿದರೆ ಸಾಕು. ಈ ವಿಮರ್ಶೆ ಇಷ್ಟು ಉದ್ದವಾಗಲು ಕಾರಣ ಅದು.

ಗೋಡೆಯ ಮೇಲೆ ಕೆಂಪು ಅಂಕಿಯ ಎಲ್‌ಇಡಿ ಟೈಮರ್ ಇದೆ. 40 ಸೆಕೆಂಡಿಗೊಮ್ಮೆ ಬೀಪ್. ಒಂದು ಸ್ಟೇಷನ್‌ಗೆ ಇಬ್ಬರು; ಒಬ್ಬರು ಎತ್ತುವಾಗ ಇನ್ನೊಬ್ಬರು ಪಕ್ಕದಲ್ಲಿ ನಿಲ್ಲಬೇಕು, ಬೀಪ್ ಆದರೆ ಅದಲು ಬದಲು. ಮೂರು ಸುತ್ತಿಗೆ ನಾಲ್ಕು ನಿಮಿಷ, ಆಮೇಲೆ ಮುಂದಿನ ಸ್ಟೇಷನ್. ಎಂಟು ಸ್ಟೇಷನ್‌ಗೆ 32 ನಿಮಿಷ, ಮೊದಲು ಎಂಟು ನಿಮಿಷ ವಾರ್ಮಪ್, ಕೊನೆಗೆ ಐದು ನಿಮಿಷ ಸ್ಟ್ರೆಚಿಂಗ್. ರಾಡ್ ಒಂದು ಕ್ಷಣವೂ ಖಾಲಿ ಇರುವುದಿಲ್ಲ. ಜಿಮ್ ನಡೆಸುವವರ ದೃಷ್ಟಿಯಿಂದ ಚೊಕ್ಕ ಲೆಕ್ಕ. ಆದರೆ ಗಮನಿಸಿ: ವಿಶ್ರಾಂತಿ 40 ಸೆಕೆಂಡ್ ಎಂದು ನಿಗದಿಯಾಗಿರುವುದು ಸ್ನಾಯುವಿಗೆ ಅಷ್ಟು ಸಾಕು ಎಂಬ ಕಾರಣಕ್ಕಲ್ಲ. ಜೊತೆಗಾರರ ಸೆಟ್ ಮುಗಿಯಲು ಅಷ್ಟು ಹೊತ್ತು ಬೇಕು, ಅಷ್ಟೇ.

ಆ 40 ಸೆಕೆಂಡೂ ಪೂರ್ತಿ ಕೈಗೆ ಬರುವುದಿಲ್ಲ. ಬೆಂಚ್ ಪ್ರೆಸ್ ಸ್ಟೇಷನ್ ನೋಡಿ. ಒಬ್ಬರದು 50 ಕೆಜಿ, ಜೊತೆಗಾರರದು 40. ಪ್ರತಿ ಬೀಪಿಗೂ ಎರಡೂ ಬದಿಯ ಕ್ಲಿಪ್ ತೆಗೆದು, 5 ಕೆಜಿ ಪ್ಲೇಟ್ ಹಾಕಿ ಇಲ್ಲವೇ ಇಳಿಸಿ, ಮತ್ತೆ ಕ್ಲಿಪ್ ಕೂರಿಸಬೇಕು. ಸಮುದ್ರದ ಉಪ್ಪುಗಾಳಿಗೆ ಸ್ಪ್ರಿಂಗ್ ಕ್ಲಿಪ್‌ಗಳು ತುಕ್ಕು ತಿಂದು ಬಿಗಿಯಾಗಿವೆ. ಹಿಡಿಕೆ ಎರಡನ್ನೂ ಮುಷ್ಟಿಯಲ್ಲಿ ಹಿಸುಕಿ, ತಿರುಚಿ ಎಳೆದರೆ ಮಾತ್ರ ಜಾರುತ್ತವೆ. ಅಷ್ಟರಲ್ಲಿ ಹದಿನೈದು–ಇಪ್ಪತ್ತು ಸೆಕೆಂಡ್ ಹೋಯಿತು. ಉಳಿದದ್ದರಲ್ಲಿ ಒಂದು ಗುಟುಕು ನೀರು. ಅಷ್ಟರಲ್ಲೇ ಟ್ರೇನರ್ ‘ಚಲ್, ಚಲ್’ ಎನ್ನುತ್ತಾರೆ. ಸೆಟ್‌ನ ಕೊನೆಗೆ ಕೊಂಕಣಿಯಲ್ಲಿ ‘ಆನೀಕ್ ಏಕ್, ಆನೀಕ್ ಏಕ್’ ಎಂಬ ಹುರಿದುಂಬಿಸುವಿಕೆ ಬೇರೆ. ಕರೆಂಟ್ ಹೋಗಿ ಬಂದರೆ ಟೈಮರ್ 12:00ಕ್ಕೆ ಮರಳಿ ಮಿಣುಕುತ್ತದೆ. ಮತ್ತೆ ಹೊಂದಿಸುವವರೆಗೆ ಬಾಯೆಣಿಕೆ. ಬಾಯೆಣಿಕೆಯ 40 ಯಾವತ್ತೂ ಗಡಿಯಾರದ 40ಕ್ಕಿಂತ ಚಿಕ್ಕದು.

ಇದಕ್ಕಿಂತ ದೊಡ್ಡ ದೋಷ ಸ್ಟೇಷನ್‌ಗಳ ಕ್ರಮದಲ್ಲಿದೆ. ಲೆಗ್ ಪ್ರೆಸ್ ಆದ ಕೂಡಲೇ ಸ್ಕ್ವಾಟ್. ಬೆಂಚ್ ಪ್ರೆಸ್ ಆದ ಕೂಡಲೇ ಡಂಬೆಲ್ ಶೋಲ್ಡರ್ ಪ್ರೆಸ್, ಅದಾದ ಕೂಡಲೇ ಟ್ರೈಸೆಪ್ಸ್ ಪುಶ್‌ಡೌನ್. ಆಮೇಲೆ ಲ್ಯಾಟ್ ಪುಲ್‌ಡೌನ್, ಸೀಟೆಡ್ ರೋ, ಬೈಸೆಪ್ಸ್ ಕರ್ಲ್. ತಳ್ಳುವ ಮೂರು ಒಂದರ ಹಿಂದೆ ಒಂದು, ಎಳೆಯುವ ಮೂರು ಒಂದರ ಹಿಂದೆ ಒಂದು. ಮೇಲ್ದೋಳಿನ ಹಿಂಭಾಗದ ಟ್ರೈಸೆಪ್ಸ್‌ಗೆ ಹನ್ನೆರಡು ನಿಮಿಷ ಬಿಡುವೇ ಇಲ್ಲ. ಸ್ಟೇಷನ್ ಬದಲಾಯಿತು ಎಂದು ಅನಿಸುತ್ತದೆ, ಸ್ನಾಯುವಿನ ಪಾಲಿಗೆ ಏನೂ ಬದಲಾಗಿಲ್ಲ.

ಆ ಬಿಡುವಿನಲ್ಲಿ ಒಳಗೆ ಏನಾಗಬೇಕು ಎಂಬುದು ಗೊತ್ತಿದ್ದರೆ ಲೆಕ್ಕ ಯಾಕೆ ತಪ್ಪು ಎಂಬುದು ಸ್ಪಷ್ಟ. ಭಾರ ಎತ್ತುವಾಗ ಮೊದಲ ಕೆಲವು ಸೆಕೆಂಡಿನ ಶಕ್ತಿ ಬರುವುದು ಸ್ನಾಯುವಿನಲ್ಲಿ ದಾಸ್ತಾನಿರುವ ಫಾಸ್ಫೋಕ್ರಿಯಾಟಿನ್‌ನಿಂದ. ಒಂದು ಗಟ್ಟಿ ಸೆಟ್ ಅದನ್ನು ಬಹುಪಾಲು ಖಾಲಿ ಮಾಡುತ್ತದೆ. ಮತ್ತೆ ತುಂಬಿಕೊಳ್ಳುವುದಕ್ಕೆ ಆಮ್ಲಜನಕ ಬೇಕು, ಸಮಯ ಬೇಕು: ಮೊದಲ ಅರ್ಧ ನಿಮಿಷದಲ್ಲಿ ಸುಮಾರು ಅರ್ಧದಷ್ಟು, ಮೂರು ನಿಮಿಷದ ಹೊತ್ತಿಗೆ ಬಹುಪಾಲು, ಪೂರ್ತಿಗೆ ಅದಕ್ಕೂ ಹೆಚ್ಚು. ಇನ್ನೊಮ್ಮೆ ಎತ್ತಲಾಗದೆ ಸೋಲುವವರೆಗೂ ಸೆಟ್ ಎಳೆದಿದ್ದರೆ ಈ ವೇಗವೂ ಕುಗ್ಗುತ್ತದೆ. ಜೊತೆಗೆ ಸ್ನಾಯುವಿನಲ್ಲಿ ಶೇಖರವಾದ ಫಾಸ್ಫೇಟ್, ಹೈಡ್ರೋಜನ್ ಅಯಾನುಗಳು ಹೊರಹೋಗಬೇಕು. 40 ಸೆಕೆಂಡಿಗೆ ಇದೆಲ್ಲ ಅರ್ಧಕ್ಕೇ ನಿಂತಿರುತ್ತದೆ.

ಪರಿಣಾಮ ನೋಟ್‌ಬುಕ್ಕಿನಲ್ಲಿ ಕಾಣುತ್ತದೆ, ಬರೆದಿಟ್ಟರೆ. ಉದಾಹರಣೆಗೆ 60 ಕೆಜಿಯಲ್ಲಿ ಹತ್ತು ಸ್ಕ್ವಾಟ್ ಹೊಡೆಯುವವರನ್ನು ತೆಗೆದುಕೊಳ್ಳಿ. ಬಿಡುವು ಕಡಿಮೆಯಿದ್ದಾಗ ಮೂರು ಸೆಟ್ 10, 7, 5 ಎಂದು ಇಳಿಯುವುದು ಸಾಮಾನ್ಯ. 22 ರೆಪ್ಸ್ (ಎತ್ತಿದ ಸಲಗಳು), ಒಟ್ಟು 1,320 ಕೆಜಿ. ಮೂರು ನಿಮಿಷ ಕೊಟ್ಟರೆ 10, 9, 8 ಬರಬಹುದು. 27 ರೆಪ್ಸ್, 1,620 ಕೆಜಿ. ಮುನ್ನೂರು ಕೆಜಿಯ ಕೆಲಸ ಬಿಡುವಿನಲ್ಲೇ ಕೈಬಿಟ್ಟುಹೋಯಿತು. ಮೂರನೇ ಸೆಟ್‌ನಲ್ಲಿ ಇನ್ನೂ ಕೆಟ್ಟದ್ದೊಂದು ನಡೆಯುತ್ತದೆ: ಬೀಪ್ ಬರುವವರೆಗೂ ನಿಲ್ಲಿಸುವಂತಿಲ್ಲ ಎಂದು ಜನ 60 ಬಿಟ್ಟು 40ಕ್ಕೆ ಇಳಿಯುತ್ತಾರೆ. ತಿಂಗಳು ಕಳೆದರೂ ‘ನನ್ನ ವೇಟ್ ಏರುತ್ತಲೇ ಇಲ್ಲ’ ಎನ್ನುವ ಗೊಣಗಾಟದ ಮೂಲ ಇದು.

ಕಡಿಮೆ ವಿಶ್ರಾಂತಿಯೇ ಸ್ನಾಯು ಬೆಳೆಸುತ್ತದೆ ಎಂಬ ಮಾತು ಹಳೆಯದು. ಬಿಡುವು ಕಡಿಮೆಯಾದಾಗ ರಕ್ತದಲ್ಲಿ ಗ್ರೋತ್ ಹಾರ್ಮೋನ್ ಏರುತ್ತದೆ ಎಂಬುದು ನಿಜ, ಆ ನಂಬಿಕೆ ಬಂದದ್ದು ಅಲ್ಲಿಂದ. ಆದರೆ ವ್ಯಾಯಾಮದ ನಂತರ ಕೆಲ ಹೊತ್ತು ಏರಿ ಇಳಿಯುವ ಆ ಹಾರ್ಮೋನಿಗೂ ತಿಂಗಳುಗಟ್ಟಲೆಯ ಬೆಳವಣಿಗೆಗೂ ನಂಬುವಂಥ ಸಂಬಂಧ ಸಿಕ್ಕಿಲ್ಲ. ವ್ಯಾಯಾಮ ವಿಜ್ಞಾನಿ ಬ್ರಾಡ್ ಶೋನ್‌ಫೆಲ್ಡ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಈಗಾಗಲೇ ಪಳಗಿದ ಯುವಕರಿಗೆ ಎಂಟು ವಾರ ಒಂದೇ ಕಾರ್ಯಕ್ರಮ ಕೊಟ್ಟು, ಒಂದು ಗುಂಪಿಗೆ 1 ನಿಮಿಷ, ಇನ್ನೊಂದಕ್ಕೆ 3 ನಿಮಿಷ ವಿಶ್ರಾಂತಿ ಇಟ್ಟರು. ಸ್ಕ್ವಾಟ್, ಬೆಂಚ್ ಎರಡರಲ್ಲೂ ಬಲ ಹೆಚ್ಚು ಏರಿದ್ದು 3 ನಿಮಿಷದವರದು. ತೊಡೆಯ ಮುಂಭಾಗದ ದಪ್ಪವೂ ಅವರದೇ ಹೆಚ್ಚು. ಅದೇ ವರ್ಷ ಬಂದ ಇನ್ನೊಂದು ಅಧ್ಯಯನ 1 ಮತ್ತು 5 ನಿಮಿಷವನ್ನು ಹೋಲಿಸಿತು. ವ್ಯಾಯಾಮ ಮುಗಿದ ಮೊದಲ ನಾಲ್ಕು ತಾಸಿನಲ್ಲಿ ಸ್ನಾಯುವಿನ ಪ್ರೋಟೀನ್ ಕಟ್ಟುವ ವೇಗ 1 ನಿಮಿಷದವರಲ್ಲಿ 76 ಶೇಕಡ ಏರಿದರೆ 5 ನಿಮಿಷದವರಲ್ಲಿ 152 ಶೇಕಡ.

ಹಾಗೆಂದು ಪ್ರತಿ ಸೆಟ್ ನಡುವೆ ಐದು ನಿಮಿಷ ಮೊಬೈಲ್ ನೋಡುತ್ತ ಕೂರಬೇಕಿಲ್ಲ. ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿ 2024ರಲ್ಲಿ ಮಾಡಿದ ವಿಶ್ಲೇಷಣೆ ಹೇಳಿದ್ದು ಇಷ್ಟು: ಸ್ನಾಯುವಿನ ಗಾತ್ರಕ್ಕೆ 60 ಸೆಕೆಂಡಿಗಿಂತ ಹೆಚ್ಚು ಬಿಡುವಿದ್ದರೆ ಸ್ವಲ್ಪ ಲಾಭ, 90 ಸೆಕೆಂಡ್ ದಾಟಿದ ಮೇಲೆ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಬಲವೇ ಗುರಿಯಾದರೆ ದೊಡ್ಡ ಲಿಫ್ಟ್‌ಗಳಿಗೆ ಮೂರು ನಿಮಿಷ ಅಥವಾ ಮೇಲೆ. ಸೆಟ್‌ಗಳ ಸಂಖ್ಯೆ ಹೆಚ್ಚಿಸಿ ಒಟ್ಟು ಎತ್ತಿದ ಭಾರವನ್ನು ಸರಿದೂಗಿಸಿದರೆ ಕಡಿಮೆ ವಿಶ್ರಾಂತಿಯಲ್ಲೂ ಗಾತ್ರ ಸಮನಾಗಿ ಬೆಳೆಯುತ್ತದೆ ಎಂದೂ ಕಂಡಿದೆ. ಜಿಮ್‌ನವರು ಈ ಸಮರ್ಥನೆ ಕೊಡಬಹುದು. ಆದರೆ ಇಲ್ಲಿ ವ್ಯಾಯಾಮಕ್ಕೆ ಮೂರೇ ಸೆಟ್, ಹೆಚ್ಚಿಸಲು ಸಮಯ ಎಲ್ಲಿದೆ?

ಇನ್ನು ನೋವಿನ ವಿಚಾರ. ‘ಮರುದಿನ ನೋವಾಯಿತಾ? ಹಾಗಾದರೆ ವರ್ಕೌಟ್ ಹತ್ತಿದೆ’ ಎಂಬುದು ಈ ಬ್ಯಾಚಿನ ಮಂತ್ರ. ನೋವನ್ನು ರಸೀದಿಯ ಹಾಗೆ ತೋರಿಸಿಕೊಳ್ಳುವುದನ್ನು ಬಿಡುವುದು ಒಳ್ಳೆಯದು. 24ರಿಂದ 72 ತಾಸಿನ ನಡುವೆ ತಾರಕಕ್ಕೇರುವ ಈ ನೋವು ಲ್ಯಾಕ್ಟಿಕ್ ಆಸಿಡ್‌ನಿಂದಲ್ಲ; ಅದು ತಾಸೊಪ್ಪತ್ತಿನಲ್ಲೇ ರಕ್ತದಿಂದ ತೆರವಾಗಿರುತ್ತದೆ. ಸ್ನಾಯು ಉದ್ದವಾಗುತ್ತಾ ಭಾರ ತಡೆಯುವಾಗ, ಅಂದರೆ ರಾಡ್ ಇಳಿಸುವಾಗ, ಎಳೆಗಳ ಒಳಗಿನ ಸೂಕ್ಷ್ಮ ರಚನೆ ಅಲ್ಲಲ್ಲಿ ಹರಿಯುತ್ತದೆ. ಕ್ಯಾಲ್ಸಿಯಂ ಒಳನುಗ್ಗುತ್ತದೆ, ಉರಿಯೂತ ಶುರುವಾಗುತ್ತದೆ, ದುರಸ್ತಿಯ ಕೆಲಸ ನಡೆಯುತ್ತದೆ. ಸದಾಶಿವಗಡದ ಗುಡ್ಡ ಹತ್ತುವಾಗ ಏದುಸಿರು ಬರುತ್ತದೆ, ಆದರೆ ಮರುದಿನ ತೊಡೆ ಹಿಡಿಯುವುದು ಇಳಿದದ್ದಕ್ಕೆ.

ವಿಶ್ರಾಂತಿ ಇದರ ನಡುವೆ ಎಲ್ಲಿ ಬರುತ್ತದೆ? ನೇರವಾಗಿ ಅಲ್ಲ, ಬಳಸು ದಾರಿಯಲ್ಲಿ. ಎಳೆ ಹರಿದಾಗ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವ ರಕ್ತಕ್ಕೆ ಸೋರುತ್ತದೆ, ಲ್ಯಾಬ್ ರಿಪೋರ್ಟಿನಲ್ಲಿ ಸಿಪಿಕೆ ಎಂದು ಬರುವುದು ಇದೇ. 1 ನಿಮಿಷ, 3 ನಿಮಿಷದ ಬಿಡುವುಗಳನ್ನು ಹೋಲಿಸಿದ ಪ್ರಯೋಗಗಳಲ್ಲಿ ಕೆಲವದರಲ್ಲಿ 1 ನಿಮಿಷದವರ ಸಿಪಿಕೆ ಹೆಚ್ಚು ಏರಿತು, ಕೆಲವದರಲ್ಲಿ ಇಬ್ಬರದೂ ಒಂದೇ. ವಿರೋಧಾಭಾಸ ಅನಿಸಿದರೂ ಕಾರಣ ಊಹಿಸುವುದು ಕಷ್ಟವಲ್ಲ. ಕಡಿಮೆ ಬಿಡುವಿನಲ್ಲಿ ರೆಪ್ಸ್ ಕಡಿಮೆಯಾಗಲು ಬಿಟ್ಟರೆ ಒಟ್ಟು ಕೆಲಸವೂ ಕಡಿಮೆ, ಹಾಗಾಗಿ ಹಾನಿಯೂ ಹೆಚ್ಚೇನಲ್ಲ. ಅದೇ ಭಾರ, ಅಷ್ಟೇ ರೆಪ್ಸ್ ಪೂರೈಸಲೇಬೇಕು ಎಂದು ಹಟ ಹಿಡಿದರೆ ದಣಿದ ಸ್ನಾಯು ರಾಡನ್ನು ನಿಧಾನ ಇಳಿಸಲಾರದು, ಧೊಪ್ಪನೆ ಬಿಡುತ್ತದೆ, ಕೊನೆಯ ಗಳಿಗೆಯಲ್ಲಿ ತಡೆಯುತ್ತದೆ. ಕೆಡುವುದು ಅಲ್ಲಿ. ಮೈಯಿಂದ ಮೈಗೆ ವ್ಯತ್ಯಾಸವೂ ದೊಡ್ಡದು. ಅದೇ ವ್ಯಾಯಾಮಕ್ಕೆ ಕೆಲವರ ಸಿಪಿಕೆ ಸಹಜವಾಗೇ ಬಹಳ ಏರುತ್ತದೆ, ಬಿಡುವು ಕಡಿಮೆಯಾದಾಗ ಹೊಡೆತ ತಿನ್ನುವುದು ಮುಖ್ಯವಾಗಿ ಅಂಥವರೇ. ಹದಿನಾರು ಜನರನ್ನು ಒಂದೇ ಬೀಪಿಗೆ ಕುಣಿಸುವ ವ್ಯವಸ್ಥೆಯಲ್ಲಿ ಆ ಒಬ್ಬಿಬ್ಬರು ಯಾರು ಎಂದು ಗೊತ್ತಾಗುವುದು ಅವರು ಮರುವಾರ ಬರದಿದ್ದಾಗ.

ಹಾನಿ ಹೆಚ್ಚಾದಷ್ಟೂ ಬೆಳವಣಿಗೆ ಹೆಚ್ಚು ಎಂಬುದೂ ನಿಂತಿಲ್ಲ. 2016ರ ಒಂದು ಬ್ರೆಜಿಲ್ ಅಧ್ಯಯನ ಹತ್ತು ವಾರದ ತರಬೇತಿಯ ಮೊದಲ ವಾರ, ಮೂರನೇ ವಾರ, ಹತ್ತನೇ ವಾರಗಳಲ್ಲಿ ಪ್ರೋಟೀನ್ ಕಟ್ಟುವ ವೇಗ ಅಳೆಯಿತು. ಮೊದಲ ವಾರ ವೇಗ ಎಲ್ಲಕ್ಕಿಂತ ಜೋರು, ಹಾನಿಯೂ ಜೋರು, ಆದರೆ ಆ ಕಟ್ಟುವಿಕೆ ಹೆಚ್ಚಾಗಿ ರಿಪೇರಿಗೇ ಖರ್ಚು. ಹಾನಿ ತಗ್ಗಿದ ಮೇಲಿನ ಅಳತೆಯಷ್ಟೇ ಕೊನೆಗೆ ಬೆಳೆದ ಗಾತ್ರಕ್ಕೆ ತಾಳೆಯಾಯಿತು. ನೋವಿಲ್ಲದ ಮೂರನೇ ವಾರ ವ್ಯರ್ಥ ಎಂದು ತಿಳಿದು ಇನ್ನಷ್ಟು ಬಿಡುವು ಕಡಿತ ಮಾಡುವವರು ಇದನ್ನು ಗಮನಿಸಬೇಕು.

ಚೇತರಿಕೆಯ ಲೆಕ್ಕವೂ ಇಲ್ಲೇ ತಪ್ಪುತ್ತದೆ. ಸೋಲುವವರೆಗೆ ಎಳೆದ ಸೆಟ್‌ಗಳಿಂದ ಚೇತರಿಸಿಕೊಳ್ಳಲು, ಒಂದಿಷ್ಟು ಉಳಿಸಿಕೊಂಡು ನಿಲ್ಲಿಸಿದ ಸೆಟ್‌ಗಳಿಗಿಂತ 24–48 ತಾಸು ಹೆಚ್ಚು ಬೇಕಾಗುತ್ತದೆ. 40 ಸೆಕೆಂಡಿನ ಬಿಡುವಿನಲ್ಲಿ ಎರಡನೇ ಸೆಟ್‌ನಿಂದಾಚೆಗೆ ಪ್ರತಿಯೊಂದೂ ಸೋಲಿನ ಸೆಟ್ಟೇ. ಬ್ಯಾಚ್ ಇರುವುದು ವಾರಕ್ಕೆ ಆರು ದಿನ, ದಿನವೂ ಇಡೀ ಮೈ. ಸೋಮವಾರದ ಹಾನಿ ದುರಸ್ತಿಯಾಗುವ ಮೊದಲೇ ಮಂಗಳವಾರದ ಬೀಪ್. ಮೂರನೇ ವಾರದಲ್ಲಿ ನಿದ್ದೆ ಕೆಡುವುದು, ಮೊಣಕೈ ಚುಚ್ಚುವುದು, ವೇಟ್ ಹಿಂದೆ ಬೀಳುವುದು ಶುರುವಾದರೆ ಸೋಮಾರಿತನ ಅಲ್ಲ, ಲೆಕ್ಕದ ಫಲ. ಇಲ್ಲಿ ಸೇರಿದವರು ವಾರಕ್ಕೆ ಮೂರು ದಿನ ಹೋಗಿ, ದಿನ ಬಿಟ್ಟು ದಿನ. ಆರು ದಿನದ ಫೀ ಕೊಟ್ಟಿದ್ದೇವೆ ಎಂಬ ಸಂಕಟ ಬೇಡ.

ಈಗ ಸುಧಾರಣೆಗೆ ಬರೋಣ. ಟೈಮರ್ ಮುಟ್ಟಬೇಡಿ, ಜನ ಕಡಿಮೆ ಮಾಡಬೇಡಿ, 45 ನಿಮಿಷವೂ ಇರಲಿ. ಅಕ್ಕಪಕ್ಕದ ಎರಡು ಸ್ಟೇಷನ್‌ಗಳನ್ನು ಜೋಡಿ ಮಾಡಿ, ನಾಲ್ಕು ಜನರನ್ನು ಆ ಜೋಡಿಗೆ ಬಿಡಿ. ಒಂದು ತಳ್ಳುವ ವ್ಯಾಯಾಮ, ಒಂದು ಎಳೆಯುವ ವ್ಯಾಯಾಮ, ಇಲ್ಲವೇ ಒಂದು ಕಾಲಿನದು, ಒಂದು ಕೈಯದು. ಉದಾಹರಣೆಗೆ ಬೆಂಚ್ ಮತ್ತು ರೋ. ಮೊದಲ ಬೀಪಿಗೆ ಒಂದನೆಯವರು ಬೆಂಚ್, ಮೂರನೆಯವರು ರೋ. ಎರಡನೇ ಬೀಪಿಗೆ ಎರಡನೆಯವರು ಬೆಂಚ್, ನಾಲ್ಕನೆಯವರು ರೋ. ಮೂರನೇ ಬೀಪಿಗೆ ಒಂದನೆಯವರು ರೋ, ಮೂರನೆಯವರು ಬೆಂಚ್. ನಾಲ್ಕನೆಯದಕ್ಕೆ ಎರಡನೆಯವರು ರೋ, ನಾಲ್ಕನೆಯವರು ಬೆಂಚ್. ಹೀಗೆ ಮೂರು ಸುತ್ತು. ಬೀಪ್ ಅದೇ 40 ಸೆಕೆಂಡಿನದು, ಒಟ್ಟು ಎಂಟು ನಿಮಿಷ. ಮೊದಲೂ ಎರಡು ಸ್ಟೇಷನ್‌ಗೆ ಎಂಟು ನಿಮಿಷವೇ ಆಗುತ್ತಿತ್ತು. ಆದರೆ ಒಂದು ಬೆಂಚ್ ಸೆಟ್‌ನಿಂದ ಮುಂದಿನ ಬೆಂಚ್ ಸೆಟ್‌ವರೆಗೆ ಎದೆಗೆ ಸಿಗುವ ಬಿಡುವು 40 ಸೆಕೆಂಡಿನಿಂದ 120ಕ್ಕೆ ಏರಿತು. ಯಾರೂ ಹೆಚ್ಚು ಹೊತ್ತು ಸುಮ್ಮನೆ ನಿಲ್ಲಲಿಲ್ಲ, ಸೆಟ್ ಒಂದೂ ಕಡಿಮೆಯಾಗಲಿಲ್ಲ.

ಎಂಟು ಸ್ಟೇಷನ್‌ಗೆ ನಾಲ್ಕು ಜೋಡಿ: ಸ್ಕ್ವಾಟ್ ಜೊತೆ ಲ್ಯಾಟ್ ಪುಲ್‌ಡೌನ್, ಬೆಂಚ್ ಜೊತೆ ರೋ, ಲೆಗ್ ಪ್ರೆಸ್ ಜೊತೆ ಶೋಲ್ಡರ್ ಪ್ರೆಸ್, ಕೊನೆಗೆ ಕರ್ಲ್ ಜೊತೆ ಪುಶ್‌ಡೌನ್. ಕೆಡುವ ಜಾಗಗಳು ಮೂರಿವೆ. ರಾಡ್ ಇರುವ ಸ್ಟೇಷನ್‌ಗೆ ಹೆಚ್ಚುಕಡಿಮೆ ಒಂದೇ ಭಾರ ಎತ್ತುವ ನಾಲ್ವರನ್ನು ಹಾಕಬೇಕು, ಇಲ್ಲದಿದ್ದರೆ ಪ್ಲೇಟ್ ಬದಲಿಸುವುದರಲ್ಲೇ ಜೀವ ಹೋಗುತ್ತದೆ. ಪಿನ್ ಚುಚ್ಚುವ ಮಷಿನ್‌ಗಳಿಗೆ ಆ ತೊಂದರೆ ಇಲ್ಲ. ಡೆಡ್‌ಲಿಫ್ಟ್ (ನೆಲದ ಮೇಲಿನ ರಾಡ್ ಎತ್ತುವುದು) ಸೇರಿಸುವ ಉಮೇದು ಬಂದರೆ ಅದನ್ನು ರೋ ಜೊತೆ ಜೋಡಿಸಬೇಡಿ, ಸೊಂಟ ಮತ್ತು ಹಿಡಿತ ಎರಡೂ ಕಡೆ ದುಡಿಯುತ್ತವೆ. ಮೂರನೆಯದು ಸ್ಕ್ವಾಟ್: ತೊಡೆಗೆ 120 ಸೆಕೆಂಡ್ ಸಿಕ್ಕರೂ ಉಸಿರಿಗೆ ಸಿಕ್ಕಿರುವುದಿಲ್ಲ. ಒಂದು ಇಡೀ ವಾಕ್ಯ ತಡೆಯಿಲ್ಲದೆ ಮಾತಾಡಲು ಆಗದಿದ್ದರೆ ಒಂದು ಸುತ್ತು ಬಿಟ್ಟುಬಿಡಿ; ಮೂರರ ಬದಲು ಎರಡು ಒಳ್ಳೆಯ ಸೆಟ್ ನಷ್ಟವಲ್ಲ.

ಜಿಮ್ ಬದಲಾಗುವವರೆಗೆ ಕಾಯಬೇಕಿಲ್ಲ. ನಾಲ್ವರು ಪರಿಚಯದವರು ಒಟ್ಟಿಗೆ ಸೇರಿ ಟ್ರೇನರ್‌ಗೆ ‘ಸರ್, ನಾವು ಈ ಎರಡು ಸ್ಟೇಷನ್ ಸೇರಿಸಿ ಮಾಡ್ತೇವೆ’ ಎಂದರೆ ಅಡ್ಡಿಯಿಲ್ಲ, ಬೇರೆಯವರ ಸರದಿ ತಪ್ಪುವುದಿಲ್ಲವಲ್ಲ. ಇವರು ಮೊಂಡರಲ್ಲ. ಸ್ಕ್ವಾಟ್‌ನಲ್ಲಿ ಮೊಣಕಾಲು ಒಳಗೆ ಬೀಳುವುದನ್ನು ದೂರದಿಂದಲೇ ಗುರುತಿಸಿ ಬಂದು ತಿದ್ದುತ್ತಾರೆ, ದಪ್ಪಗಿದ್ದವರನ್ನು ಎಲ್ಲರೆದುರು ಆಡಿಕೊಳ್ಳುವುದಿಲ್ಲ. ಹೆಂಗಸರ ಬ್ಯಾಚ್ ಬೇರೆ ಇದೆ. ಅಲ್ಲೂ ಅದೇ ಬೀಪ್. ಆದರೆ ತಮ್ಮ ಬಲಕ್ಕೆ ತಕ್ಕ ಭಾರದಲ್ಲಿ ಹೆಂಗಸರು ಸಾಮಾನ್ಯವಾಗಿ ಸೆಟ್‌ಗಳ ನಡುವೆ ಗಂಡಸರಿಗಿಂತ ಬೇಗ ಚೇತರಿಸಿಕೊಳ್ಳುವುದರಿಂದ ರೆಪ್ಸ್ ಅಷ್ಟು ಬೀಳುವುದಿಲ್ಲ.

ಬಿಡುವು ಸಾಕಾಯಿತೇ ಎಂದು ತಿಳಿಯಲು ಗಡಿಯಾರಕ್ಕಿಂತ ರೆಪ್ಸ್ ನಂಬಿ. ಅದೇ ಭಾರದಲ್ಲಿ ಎರಡನೇ ಸೆಟ್ ಒಂದೆರಡು ಕಡಿಮೆಯಾದರೆ ಸರಿ. ಮೂರಕ್ಕಿಂತ ಹೆಚ್ಚು ಬಿದ್ದರೆ ಬಿಡುವು ಸಾಲದು, ಇಲ್ಲವೇ ಮೊದಲ ಸೆಟ್ಟನ್ನೇ ಅತಿ ಮಾಡಿದ್ದೀರಿ. ಕರ್ಲ್, ಪುಶ್‌ಡೌನ್, ಮೀನಖಂಡದಂಥ ಸಣ್ಣ ಕೆಲಸಗಳಿಗೆ 60–90 ಸೆಕೆಂಡ್ ಸಾಕು. ಬಲವನ್ನೇ ನೆಚ್ಚಿದವರು ಬೆಳಿಗ್ಗೆ ಹತ್ತರಿಂದ ಹನ್ನೆರಡರ ಖಾಲಿ ಹೊತ್ತಿನಲ್ಲಿ ಹೋಗಲಿ, ಆಗ ಬೀಪ್ ಇಲ್ಲ, ರ್‍ಯಾಕ್ ಎದುರು ಮೂರು ನಿಮಿಷ ನಿಂತರೂ ಯಾರೂ ಗುರಾಯಿಸುವುದಿಲ್ಲ. ಅಗ್ನಿವೀರ್ ತಯಾರಿಯ ಹುಡುಗರು 1.6 ಕಿಲೋಮೀಟರ್ ಓಟ ಮತ್ತು ಹತ್ತು ಪುಲ್‌ಅಪ್ ಎರಡನ್ನೂ ಸಾಧಿಸಬೇಕು ಎಂದು ಕಡಿಮೆ ಬಿಡುವಿನ ಬ್ಯಾಚ್ ಆರಿಸುತ್ತಾರೆ. ನಾಲ್ಕೇ ಪುಲ್‌ಅಪ್ ಬರುವವರಿಗೆ ಬೇಕಿರುವುದು ಬಲ. ಎರಡೆರಡು ಪುಲ್‌ಅಪ್‌ನ ಆರು ಸೆಟ್, ನಡುವೆ ಎರಡು ನಿಮಿಷ, ವಾರಕ್ಕೆ ಮೂರು ದಿನ. ಓಟ ಬೀಚಿನಲ್ಲಿ ಬೇರೆ ದಿನ.

ಹೊಸಬರ ಮೊದಲ ವಾರದ ಬಗ್ಗೆ ಮಾತ್ರ ನಮ್ಮ ಆಕ್ಷೇಪ ಖಾರವಾಗಿಯೇ ಇದೆ. ಇಲ್ಲಿ ಸೇರಿದ ದಿನವೇ ಹಳಬರ ಜೊತೆ 24 ಸೆಟ್. ತಡವಾಗಿ ಬಂದರೆ ಐವತ್ತು ಬಸ್ಕಿ ದಂಡ. ಅಭ್ಯಾಸವಿಲ್ಲದ ತೊಡೆಗೆ, ಸೆಖೆಯಲ್ಲಿ, ಬಿಡುವಿಲ್ಲದೆ ಇಷ್ಟು ಹೊರಿಸಿದರೆ ಅಪರೂಪಕ್ಕಾದರೂ ಸ್ನಾಯು ವಿಪರೀತ ಕರಗಿ ಮೂತ್ರಪಿಂಡಕ್ಕೆ ಕುತ್ತು ತರುತ್ತದೆ. ವೈದ್ಯರು ಇದನ್ನು ರ್‍ಯಾಬ್ಡೋಮಯೋಲಿಸಿಸ್ ಎನ್ನುತ್ತಾರೆ. ಗುರುತು: ಕಪ್ಪು ಚಹಾದ ಬಣ್ಣದ ಮೂತ್ರ, ಊದಿ ಗಟ್ಟಿಯಾದ ಸ್ನಾಯು, ಕೈಕಾಲು ಮಡಚಲಾಗದಷ್ಟು ನಿತ್ರಾಣ. ಹಾಗಾದರೆ ಮನೆಮದ್ದು ಬೇಡ, ಅದೇ ದಿನ ಆಸ್ಪತ್ರೆ. ಮೈಕೈ ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದ ಮಾತ್ರೆ ನುಂಗಿದರೆ, ನೀರೂ ಕಡಿಮೆ ಕುಡಿದಿದ್ದರೆ, ಮೂತ್ರಪಿಂಡಕ್ಕೆ ಹೊರೆ ಇಮ್ಮಡಿ. ಕೊಲೆಸ್ಟರಾಲ್‌ಗೆ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಇನ್ನೂ ಜಾಗ್ರತೆ. ಮೊದಲ ವಾರ ವ್ಯಾಯಾಮಕ್ಕೆ ಒಂದೇ ಸೆಟ್, ಎತ್ತಬಲ್ಲುದರ ಅರ್ಧ ಭಾರ. ಎರಡನೇ ವಾರ ಎರಡು. ಒಮ್ಮೆ ಹಗುರ ಪೆಟ್ಟು ತಿಂದ ಸ್ನಾಯು ಮುಂದಿನ ಹಲವು ವಾರ ಅದೇ ಕೆಲಸಕ್ಕೆ ತಾನಾಗಿ ಗಟ್ಟಿಯಾಗಿರುತ್ತದೆ, ಆ ರಕ್ಷಣೆ ಪಡೆಯಲು ನರಳಬೇಕಾದ್ದಿಲ್ಲ.

ಸೆಖೆಯ ವಿಚಾರ ಬಂದಿತು. ಎಸಿ ಇಲ್ಲ, ಎರಡು ಎಕ್ಸಾಸ್ಟ್ ಫ್ಯಾನ್ ಇವೆ. ಏಪ್ರಿಲ್–ಮೇ ಸಂಜೆ ಏಳಕ್ಕೂ ಕರಾವಳಿಯ ಗಾಳಿಯಲ್ಲಿ ಬೆವರು ಆರುವುದಿಲ್ಲ, ಸುಮ್ಮನೆ ಇಳಿಯುತ್ತದೆ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ, ಎದೆಬಡಿತ ಬಿಡುವಿನಲ್ಲೂ ಕೆಳಗಿಳಿಯುವುದಿಲ್ಲ. ಆ ಎರಡು ತಿಂಗಳು ದೊಡ್ಡ ವ್ಯಾಯಾಮಗಳಿಗೆ ಇನ್ನೊಂದು ಅರ್ಧ ನಿಮಿಷ ಸೇರಿಸಿಕೊಳ್ಳಿ, ಫ್ಯಾನಿನ ಎದುರೇ ನಿಲ್ಲಿ. ಬ್ಯಾಚಿಗೆ ಮೊದಲು ಮತ್ತು ನಂತರ ತೂಕ ನೋಡಿ. ಒಂದು ಕೆಜಿ ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹೋಗಿದೆ, ರಾತ್ರಿಯೊಳಗೆ ಅದರ ಒಂದೂಕಾಲು ಪಟ್ಟು ಕುಡಿಯಬೇಕು. ಬರೀ ನೀರಿಗಿಂತ ಉಪ್ಪು ಹಾಕಿದ ಗಂಜಿತಿಳಿ ಒಳ್ಳೆಯದು.

ಬ್ಯಾಚ್ ಮುಗಿಸಿ ಟಾಗೋರ್ ಬೀಚಿಗೆ ಹೋಗಿ ಸಮುದ್ರದಲ್ಲಿ ಮುಳುಗೆದ್ದರೆ ಐಸ್ ಬಾತ್ ಆದ ಹಾಗೆ ಎನ್ನುವವರಿದ್ದಾರೆ. ಐಸ್ ಬಾತ್ ಎಂದರೆ 10–15 ಡಿಗ್ರಿ ನೀರು. ಇಲ್ಲಿಯ ಸಮುದ್ರ ಅದರ ಹತ್ತಿರವೂ ಇಲ್ಲ. ಒಳ್ಳೆಯದೇ ಆಯಿತು. ಪ್ರತಿ ವ್ಯಾಯಾಮದ ನಂತರ ಹತ್ತು ನಿಮಿಷ 10 ಡಿಗ್ರಿ ನೀರಿನಲ್ಲಿ ಕೂತವರ ಸ್ನಾಯು 12 ವಾರದಲ್ಲಿ ಕೂರದವರಿಗಿಂತ ಕಡಿಮೆ ಬೆಳೆಯಿತು ಎಂದು 2015ರಲ್ಲೇ ಕಂಡಿದೆ. ಈಜಿ, ಖುಷಿಗೆ.

ಕೌಂಟರ್‌ನಲ್ಲಿ ಪುಡಿಗಳ ಮಾರಾಟವಿದೆ. ಬಿಸಿಎಎ (ಪ್ರೋಟೀನಿನ ಮೂರು ಅಮೈನೋ ಆಮ್ಲಗಳ ಪುಡಿ) ಡಬ್ಬಿ ಬೇಡ. ಊಟದಲ್ಲಿ ಪ್ರೋಟೀನ್ ಸಾಕಷ್ಟಿದ್ದರೆ ಅದು ಸೇರಿಸುವುದು ಏನೂ ಇಲ್ಲ. ಕ್ರಿಯಾಟಿನ್ ಮೊನೊಹೈಡ್ರೇಟ್ ಮಾತ್ರ ಈ ವಿಷಯಕ್ಕೆ ನೇರ ಸಂಬಂಧಪಟ್ಟದ್ದು: ದಿನಕ್ಕೆ 3–5 ಗ್ರಾಂ ತೆಗೆದುಕೊಂಡರೆ ಮೇಲೆ ಹೇಳಿದ ಫಾಸ್ಫೋಕ್ರಿಯಾಟಿನ್ ದಾಸ್ತಾನೇ ಹೆಚ್ಚುತ್ತದೆ, ಎರಡು–ಮೂರನೇ ಸೆಟ್‌ಗಳಲ್ಲಿ ಒಂದೆರಡು ರೆಪ್ಸ್ ಹೆಚ್ಚು ಬರಬಹುದು. ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ಸಂಖ್ಯೆ, ಸೀಲ್ ನೋಡಿ. ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಇಲ್ಲದವರೂ ರಕ್ತಪರೀಕ್ಷೆಗೆ ಹೋದಾಗ ಇದನ್ನು ಸೇವಿಸುತ್ತಿದ್ದೇನೆ ಎಂದು ಹೇಳಬೇಕು, ರಿಪೋರ್ಟಿನಲ್ಲಿ ಮೂತ್ರಪಿಂಡದ ಸ್ಥಿತಿ ತೋರುವ ಕ್ರಿಯಾಟಿನಿನ್ ಸ್ವಲ್ಪ ಏರಿ ಗಾಬರಿ ಹುಟ್ಟಿಸುತ್ತದೆ. ಪ್ರೋಟೀನ್ ಲೆಕ್ಕ ಕೆಜಿ ತೂಕಕ್ಕೆ ಸುಮಾರು 1.6 ಗ್ರಾಂ, 65 ಕೆಜಿಯವರಿಗೆ 104. ಇನ್ನೂರು ಗ್ರಾಂ ಬಂಗಡೆಯಲ್ಲಿ ಸುಮಾರು 40, ನಾಲ್ಕು ಮೊಟ್ಟೆಯಲ್ಲಿ 24, ಅರ್ಧ ಲೀಟರ್ ಹಾಲಿನಲ್ಲಿ 16. ಉಳಿದದ್ದು ಅನ್ನ–ಬೇಳೆಯಿಂದ ಬರುತ್ತದೆ. ಜೂನ್–ಜುಲೈ ಮೀನುಗಾರಿಕೆ ನಿಷೇಧದ ಎರಡು ತಿಂಗಳು ಬಂಗಡೆಯ ಜಾಗಕ್ಕೆ ಮೊಟ್ಟೆ, ಮೊಳಕೆ ಹೆಸರುಕಾಳು.

ಸಾಮಾನಿನ ಬಗ್ಗೆ ಎರಡು ಮಾತು ಉಳಿದಿದೆ. ರಾಡಿನ ಹಿಡಿತದ ಗೀರುಗಳಲ್ಲಿ ತುಕ್ಕು ಇದೆ. ವಾರಕ್ಕೊಮ್ಮೆ ತಂತಿ ಬ್ರಷ್ ಹಾಕಿ ತೆಳುವಾಗಿ ಎಣ್ಣೆ ಒರೆಸಿದರೆ ಹೋಗುತ್ತದೆ. ಪುಲ್‌ಡೌನ್ ಕೇಬಲ್ಲಿನ ಪ್ಲಾಸ್ಟಿಕ್ ಕೊಳವೆ ಕೊಕ್ಕೆಯ ಹತ್ತಿರ ಸೀಳಿದೆ, ಒಳಗಿನ ತಂತಿ ಕಂದು ಬಣ್ಣಕ್ಕೆ ತಿರುಗಿದೆ. ಇದನ್ನು ಈ ಮಳೆಗಾಲಕ್ಕೆ ಮೊದಲೇ ಬದಲಿಸಬೇಕು, ಹರಿದರೆ ರಾಡ್ ಬರುವುದು ನೇರ ತಲೆಗೆ. ಮೂರು ತಿಂಗಳ ಪ್ಯಾಕೇಜ್ ಕಟ್ಟುವವರು ಕೇಬಲ್ ಹೊಸದಾಗಿದೆಯೇ, ಜೋಡಿ ಸ್ಟೇಷನ್‌ಗೆ ಒಪ್ಪುತ್ತಾರೆಯೇ ಎಂದು ಕೇಳಿ ಕಟ್ಟಿ. ಎರಡಕ್ಕೂ ಇಲ್ಲ ಎಂದರೆ ಒಂದು ತಿಂಗಳದ್ದಷ್ಟೇ ಕೊಟ್ಟು, ಬೆಳಗಿನ ಖಾಲಿ ಹೊತ್ತು ಬಳಸಿಕೊಳ್ಳಿ.